ಥಾಣೆಯಿಂದ ಓದಬೇಕಾದ ಬ್ರಿಟನ್

ಐರೋಲಿ, ಮಹಾಪೆ, ಘನ್ಸೋಲಿಯ ಐ.ಟಿ. ಕಂಪನಿಗಳಲ್ಲಿ ಕೆಲಸ ಕಲಿತು ಬ್ರಿಟನ್ನಿಗೆ ಹೋದ ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡದ ಹುಡುಗ ಹುಡುಗಿಯರು ಅಲ್ಲಿ ಕೆಲವು ವರ್ಷ ಕಳೆದ ಮೇಲೆ ಮತ್ತೆ ವಿದ್ಯಾರ್ಥಿಗಳಾಗುತ್ತಾರೆ. ‘ಲೈಫ್ ಇನ್ ದಿ ಯುಕೆ’ ಎಂಬ ಪರೀಕ್ಷೆಗೆ ಓದಲು ಕೂರುತ್ತಾರೆ. ಅಲ್ಲಿ ಕಾಯಂ ನೆಲೆಸುವ ಹಕ್ಕು ಬೇಕೆಂದರೂ, ಪೌರತ್ವ ಬೇಕೆಂದರೂ ಅದನ್ನು ಪಾಸಾಗಬೇಕು. ಸಮಯ 45 ನಿಮಿಷ, ಪ್ರಶ್ನೆ 24, ಸರಿಯುತ್ತರ 18 ಆದರೆ ದಾಟಿದಂತೆ. ಎಂಟನೇ ಹೆನ್ರಿಗೆ ಎಷ್ಟು ಮದುವೆ, ಮ್ಯಾಗ್ನಾ ಕಾರ್ಟಾ ಯಾವ ವರ್ಷದ್ದು, ಸಂತ ಡೇವಿಡ್ ಯಾವ ನಾಡಿನವನು, ಸಂಸತ್ತಿನ ಕೆಳಮನೆಯಲ್ಲಿ ಎಷ್ಟು ಸ್ಥಾನ ಎಂಬ ಬಗೆಯ ಪ್ರಶ್ನೆಗಳು. ಆರು, 1215, ವೇಲ್ಸ್, 650. ಭಾನುವಾರದ ವಿಡಿಯೊ ಕರೆಯಲ್ಲಿ ಡೊಂಬಿವಲಿಯ ತಾಯಿ ಪುಸ್ತಕ ಹಿಡಿದ ಮಗಳನ್ನು ನೋಡಿ, ಈ ವಯಸ್ಸಿನಲ್ಲಿ ಇದೆಂಥ ಬಾಯಿಪಾಠ ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಬಾಯಿಪಾಠ ಈ ಭಾಗದ ಕನ್ನಡಿಗರಿಗೆ ಹೊಸದೇನಲ್ಲ. ಸಂಘಗಳ ವಾರ್ಷಿಕೋತ್ಸವದ ರಸಪ್ರಶ್ನೆಯಲ್ಲಿ ಬ್ರಿಟನ್ನಿನ ಮೊದಲ ಮಹಿಳಾ ಪ್ರಧಾನಿ ಯಾರೆಂದರೆ ಮಕ್ಕಳು ಥ್ಯಾಚರ್ ಎನ್ನುತ್ತಾರೆ, ಲಂಡನ್ನಿನ ನದಿ ಯಾವುದೆಂದರೆ ಥೇಮ್ಸ್ ಎನ್ನುತ್ತಾರೆ. ತಪ್ಪಿಲ್ಲ. ಆದರೆ ಅದೇ ಮಕ್ಕಳು ದಿನವೂ ಹತ್ತಿ ಇಳಿಯುವ ಥಾಣೆ ಸ್ಟೇಷನ್ನಿಗೂ ಬ್ರಿಟಿಷ್ ಸಂಸತ್ತಿಗೂ, ಅಜ್ಜಿಯ ಊರಾದ ಕುಮಟಾಕ್ಕೂ ಲಿವರ್‌ಪೂಲಿಗೂ, ಪಕ್ಕದ ಉಲ್ಲಾಸನಗರಕ್ಕೂ ಲಂಡನ್ನಿಗೂ ಏನು ನಂಟು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಬ್ರಿಟನ್ನಿನ ಚರಿತ್ರೆ, ಭೂಗೋಳ, ಆಡಳಿತ ಮೂರನ್ನೂ ಪರದೇಶದ ಸಾಮಾನ್ಯ ಜ್ಞಾನವೆಂದು ದೂರವಿಟ್ಟು ಕಲಿಯುವ ಪದ್ಧತಿ ಇಲ್ಲಿಯ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ. ಆ ಚರಿತ್ರೆಯ ಒಂದು ದೊಡ್ಡ ಪಾಲು ಇದೇ ಥಾಣೆ ಖಾಡಿಯ ದಡದಲ್ಲಿ ನಡೆದದ್ದು.

ಪದವಿಪೂರ್ವ ತರಗತಿಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ 1773ರ ರೆಗ್ಯುಲೇಟಿಂಗ್ ಆಕ್ಟ್ ಹೆಸರು ಗೊತ್ತಿರುತ್ತದೆ. ಈಸ್ಟ್ ಇಂಡಿಯಾ ಕಂಪನಿಯನ್ನು ಹದ್ದುಬಸ್ತಿನಲ್ಲಿಡಲು ಬ್ರಿಟಿಷ್ ಸಂಸತ್ತು ಮಾಡಿದ ಮೊದಲ ದೊಡ್ಡ ಕಾನೂನು ಅದು. ಕಲ್ಕತ್ತದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನ ಮಂಡಳಿಯ ಒಪ್ಪಿಗೆ ಇಲ್ಲದೆ ಮುಂಬಯಿ, ಮದ್ರಾಸಿನವರು ಯುದ್ಧ ಸಂಧಿಗಳಿಗೆ ಕೈಹಾಕಬಾರದು ಎಂಬುದು ಅದರ ಒಂದು ಮುಖ್ಯ ಅಂಶ. ಆ ಕಾನೂನು ಜಾರಿಗೆ ಬಂದ ಹೊಸತರಲ್ಲೇ ಒರೆಗೆ ಬಿದ್ದ ಜಾಗ ಥಾಣೆ.

ಸಾಲ್ಸೆಟ್ ದ್ವೀಪವನ್ನೂ ಥಾಣೆಯನ್ನೂ ಪೋರ್ಚುಗೀಸರಿಂದ ಮರಾಠರು 1737ರಲ್ಲಿ ಗೆದ್ದುಕೊಂಡಿದ್ದರು. ಅದನ್ನು ಮರಳಿ ಪಡೆಯಲು ಪೋರ್ಚುಗೀಸ್ ನೌಕಾಪಡೆ ಬರುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಮುಂಬಯಿಯ ಇಂಗ್ಲಿಷರು ತಡಮಾಡಲಿಲ್ಲ. 1774ರ ಡಿಸೆಂಬರಿನ ಕೊನೆಗೆ ಮುತ್ತಿಗೆ ಹಾಕಿ ಥಾಣೆಯ ಕೋಟೆಯನ್ನು ಹಿಡಿದರು. ಮುಂದಿನ ಮಾರ್ಚಿನಲ್ಲಿ ಮರಾಠ ನಾಯಕ ರಘುನಾಥರಾಯನ ಜೊತೆ ಸೂರತ್ ಒಪ್ಪಂದ ಮಾಡಿಕೊಂಡು, ಅವನನ್ನು ಪೇಶ್ವೆ ಮಾಡುವ ಭರವಸೆ ಕೊಟ್ಟು ಸಾಲ್ಸೆಟ್, ವಸಾಯಿಗಳನ್ನು ಬರೆಸಿಕೊಂಡರು. ಕಲ್ಕತ್ತವನ್ನು ಕೇಳಲೇ ಇಲ್ಲ. ಕಲ್ಕತ್ತ ಸಿಟ್ಟಾಗಿ ತನ್ನ ದೂತನನ್ನು ಕಳಿಸಿ 1776ರಲ್ಲಿ ಪುರಂದರದಲ್ಲಿ ಬೇರೆಯೇ ಒಪ್ಪಂದ ಮಾಡಿಸಿತು. ಮರಾಠರ ಜೊತೆಗಿನ ಯುದ್ಧ ಎಳೆಯುತ್ತ ಹೋಗಿ, ವಡಗಾಂವ್‌ನಲ್ಲಿ ಇಂಗ್ಲಿಷರು ಶರಣಾಗುವ ಸ್ಥಿತಿಯೂ ಬಂದು, ಕೊನೆಗೆ 1782ರ ಸಾಲ್ಬಾಯಿ ಒಪ್ಪಂದದಲ್ಲಿ ಗೆದ್ದ ಹಲವು ಜಾಗಗಳನ್ನು ಬಿಟ್ಟುಕೊಟ್ಟರೂ ಸಾಲ್ಸೆಟ್ ಕಂಪನಿಯ ಕೈಯಲ್ಲೇ ಉಳಿಯಿತು. ಎರಡು ವರ್ಷದಲ್ಲಿ ಕಂಪನಿಯ ಮೇಲೆ ಇನ್ನೂ ಬಿಗಿಯಾದ ಹಿಡಿತಕ್ಕಾಗಿ ಪಿಟ್ಸ್ ಇಂಡಿಯಾ ಆಕ್ಟ್ ಬಂತು. 1773ರ ಕಾನೂನಿಗೆ ತೂತು ಬಿದ್ದದ್ದು ಎಲ್ಲೆಲ್ಲಿ ಎಂಬುದಕ್ಕೆ ಥಾಣೆಯ ಪ್ರಕರಣ ಒಂದು ಕಣ್ಣೆದುರಿನ ಸಾಕ್ಷಿ. ಪಠ್ಯಪುಸ್ತಕದಲ್ಲಿ ಎರಡು ಬೇರೆ ಪುಟಗಳಲ್ಲಿ ಬರುವ ಈ ವಿಷಯಗಳನ್ನು ಥಾಣೆಯ ತಲಾವ್‌ಪಾಳಿ ಕೆರೆಯ ಕಟ್ಟೆಯ ಮೇಲೆ ಕೂತು ಒಂದೇ ಕಥೆಯಾಗಿ ಹೇಳಬಹುದು.

ಆ ಕೋಟೆ ಈಗ ಥಾಣೆಯ ಸೆಂಟ್ರಲ್ ಜೈಲು.

ರೈಲಿನ ಕಥೆಯನ್ನು ಎಲ್ಲರೂ ಅರ್ಧ ಬಲ್ಲರು. 1853ರ ಏಪ್ರಿಲ್ 16, ಶನಿವಾರ ಮಧ್ಯಾಹ್ನ. ಬೋರಿಬಂದರಿನಿಂದ 14 ಗಾಡಿಗಳಲ್ಲಿ ಸುಮಾರು 400 ಅತಿಥಿಗಳು, 21 ತೋಪುಗಳ ಗೌರವ, ಥಾಣೆಯವರೆಗೆ 34 ಕಿಲೋಮೀಟರ್. ರಸಪ್ರಶ್ನೆಗೆ ಇಷ್ಟು ಸಾಕು. ಆದರೆ ಆ ರೈಲು ಏಕೆ ಬಂತು, ದುಡ್ಡು ಯಾರದು ಎಂದು ಕೇಳಿದೊಡನೆ ಬ್ರಿಟನ್ನಿನ ಭೂಗೋಳವೇ ತೆರೆದುಕೊಳ್ಳುತ್ತದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯನ್ನು ಹುಟ್ಟಿಸಿದ್ದು 1849ರಲ್ಲಿ ಬ್ರಿಟಿಷ್ ಸಂಸತ್ತಿನ ಒಂದು ಶಾಸನ. ಷೇರುದಾರರು ಹೆಚ್ಚಿನವರು ಇಂಗ್ಲೆಂಡಿನಲ್ಲಿದ್ದರು. ಅವರು ಹಾಕಿದ ಹಣಕ್ಕೆ ನೂರಕ್ಕೆ 5ರ ಆದಾಯದ ಖಾತರಿ ಸಿಕ್ಕಿತು. ರೈಲು ಅಷ್ಟು ಗಳಿಸದಿದ್ದರೆ ಕೊರತೆಯನ್ನು ತುಂಬಿಕೊಡಬೇಕಾದದ್ದು ಭಾರತದ ಬೊಕ್ಕಸ, ಎಂದರೆ ಇಲ್ಲಿಯ ರೈತನ ಕಂದಾಯ. ಎಂಜಿನ್‌ಗಳು ಬಂದದ್ದು ಲ್ಯಾಂಕಶೈರಿನ ನ್ಯೂಟನ್-ಲಿ-ವಿಲೋಸ್ ಎಂಬ ಊರಿನ ವಲ್ಕನ್ ಫೌಂಡ್ರಿಯಿಂದ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಸಿಗುವ ಊರು ಅದು.

ಲ್ಯಾಂಕಶೈರ್ ಎಂಬ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಮ್ಯಾಂಚೆಸ್ಟರಿನ ಸುತ್ತಣ ಗಿರಣಿಗಳಿಗೆ ಹತ್ತಿ ಬೇಕಿತ್ತು. ತೇವದ ಹವೆ, ಕಲ್ಲಿದ್ದಲು, ಹತ್ತಿರದಲ್ಲೇ ಲಿವರ್‌ಪೂಲ್ ಬಂದರು, ಎಲ್ಲ ಇದ್ದರೂ ಹತ್ತಿ ಮಾತ್ರ ಅಲ್ಲಿ ಬೆಳೆಯುವುದಿಲ್ಲ. ಬಹುಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಒಂದೇ ಕಡೆ ನೆಚ್ಚಿ ಕೂರುವುದು ಅಪಾಯವೆಂದು ಗಿರಣಿ ಮಾಲೀಕರಿಗೆ ಬಹಳ ಹಿಂದೆಯೇ ಹೊಳೆದಿತ್ತು. ದಖ್ಖನದ ಕಪ್ಪು ನೆಲದ ಹತ್ತಿಯನ್ನು ಮುಂಬಯಿ ಬಂದರಿಗೆ ತರುವ ರೈಲಿಗಾಗಿ ಅವರು ಲಂಡನ್ನಿನಲ್ಲಿ ಒತ್ತಾಯ ಹಾಕಿದರು. ಥಾಣೆಗೆ ಬಂದ ರೈಲಿನ ಕಣ್ಣು ನೆಟ್ಟಿದ್ದು ಥಾಣೆಯಾಚೆಯ ಘಟ್ಟದ ಮೇಲೆ.

ಕನ್ನಡಿಗರು ಈ ಕಥೆಯೊಳಗೆ ಬರುವುದು ಇಲ್ಲಿಂದ. ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹೊಲಗಳಲ್ಲಿ 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸಿನ ಬೀಜ ಬಿತ್ತಿಸುವ ಪ್ರಯೋಗ ನಡೆದು, ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ನಿಂತಿತ್ತು. ಆ ಹತ್ತಿ ಎತ್ತಿನ ಬೆನ್ನೇರಿ ಸಹ್ಯಾದ್ರಿಯ ಘಟ್ಟವಿಳಿದು ಕುಮಟಾಕ್ಕೆ ಬರುತ್ತಿತ್ತು. ಅಲ್ಲಿಂದ ಮಚವೆಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಹಡಗಿನಲ್ಲಿ ಲಿವರ್‌ಪೂಲಿಗೆ. ಧಾರವಾಡದ ನಾಡ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ’ ಎಂಬುದೇ ಜಾತಿಯ ಹೆಸರು. ಬೆಳೆದ ಊರಿನ ಹೆಸರು ಕಳೆದು, ಹಡಗೇರಿದ ಊರಿನ ಹೆಸರು ಉಳಿಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದೇ ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ನಿಂತವು, ಲಕ್ಷಾಂತರ ಕಾರ್ಮಿಕರು ಹಸಿದರು. ಆ ಹಸಿವಿನಲ್ಲೂ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಿಂತ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಲಿಂಕನ್ ಉತ್ತರ ಬರೆದ. ಇಂದಿಗೂ ಮ್ಯಾಂಚೆಸ್ಟರಿನಲ್ಲಿ ಅವನ ಹೆಸರಿನ ಚೌಕವೂ ಪ್ರತಿಮೆಯೂ ಇವೆ. ಬ್ರಿಟನ್ನಿನ ಬಗ್ಗೆ ಗೌರವ ಹುಟ್ಟಿಸುವ ಇಂಥ ಸಂಗತಿಗಳನ್ನೂ ಕನ್ನಡದ ಮಕ್ಕಳು ತಿಳಿಯಬೇಕು.

ಗಿರಣಿ ಮಾಲೀಕರ ಒತ್ತಡ ಬೇರೆ ದಾರಿ ಹಿಡಿಯಿತು. ಧಾರವಾಡದ ಹತ್ತಿ ಮುಂಬಯಿ ಪ್ರೆಸಿಡೆನ್ಸಿಯಲ್ಲಿ ಬೆಳೆದರೂ ಅದು ಇಳಿಯುವ ಕರಾವಳಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ರಸ್ತೆ, ಬಂದರಿನ ಕೆಲಸ ಎರಡು ಸರಕಾರಗಳ ಕಡತಗಳ ನಡುವೆ ಸಿಕ್ಕಿಕೊಂಡಿತ್ತು. ಕಾರವಾರದ ಹತ್ತಿರ ಸದಾಶಿವಗಡದಲ್ಲಿ ಬಂದರು ಬೆಳೆಸಬೇಕು, ಇಡೀ ಪ್ರದೇಶ ಒಂದೇ ಆಡಳಿತದಡಿ ಇರಬೇಕು ಎಂಬ ಹತ್ತಿಯವರ ಹಟ ಗೆದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮದ್ರಾಸಿನಲ್ಲೇ ಉಳಿಯಿತು. ಭಟ್ಕಳದವನು ಮುಂಬಯಿ ಸರಕಾರದ ಪ್ರಜೆಯಾದ, ಪಕ್ಕದ ಬೈಂದೂರಿನವನು ಮದ್ರಾಸಿನ ಪ್ರಜೆಯಾಗಿಯೇ ಇದ್ದ. ಗಡಿ ಎಳೆದವರಿಗೆ ಇಬ್ಬರ ಭಾಷೆ ಒಂದೇ ಎಂಬುದು ಲೆಕ್ಕಕ್ಕೇ ಬರಲಿಲ್ಲ.

ಥಾಣೆ, ಡೊಂಬಿವಲಿಯ ಕನ್ನಡ ಕುಟುಂಬಗಳ ಮೂಲ ಹುಡುಕುವವರು ಈ ವರ್ಷವನ್ನು ಗುರುತು ಹಾಕಿಕೊಳ್ಳಬೇಕು. ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಮುಂಬಯಿಯೇ ರಾಜಧಾನಿಯಾಯಿತು. ಬೆಳಗಾವಿ, ಧಾರವಾಡ, ವಿಜಾಪುರದವರಿಗೆ ಮೊದಲೇ ಆಗಿತ್ತು. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯವೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೂ ಆ ಜಿಲ್ಲೆಗಳ ಹುಡುಗರಿಗೆ ಪದವಿ ಕೊಟ್ಟಿದ್ದು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಕನ್ನಡ ರಾಜ್ಯ ಸೇರಿದವು. ಅಷ್ಟರಲ್ಲಿ ಮುಂಬಯಿಯಲ್ಲಿ ಬೇರೂರಿದ್ದ ಸಾವಿರಾರು ಮನೆಗಳು ಹಾಗೆಯೇ ಉಳಿದವು, ಮುಂದೆ ಬಾಡಿಗೆ ಏರಿದಂತೆ ರೈಲು ಹಳಿಯ ಗುಂಟ ಥಾಣೆ, ಡೊಂಬಿವಲಿ, ಕಲ್ಯಾಣ್‌ಗೆ ಸರಿದವು. ಮದ್ರಾಸಿನ ಪಾಲಾಗಿದ್ದ ಕುಂದಾಪುರ, ಉಡುಪಿ, ಮಂಗಳೂರಿನವರು ಹೋಟೆಲು, ಬ್ಯಾಂಕು, ಗಿರಣಿಯ ಕೆಲಸ ಹುಡುಕಿ ಸಮುದ್ರದ ದಾರಿಯಲ್ಲಿ ಬಂದು ಅದೇ ಹಳಿಯ ಪಕ್ಕ ನೆಲೆಯೂರಿದರು.

ಹಳಿಯ ಮಾತು ಪೂರ್ತಿಯಾಗಬೇಕಾದರೆ ಕಲ್ಯಾಣ್‌ಗೆ ಹೋಗಬೇಕು. 1854ರ ಮೇ 1ರಂದು ಥಾಣೆಯ ಖಾಡಿ ದಾಟಿ ರೈಲು ಕಲ್ಯಾಣ್ ಮುಟ್ಟಿತು. ಅಲ್ಲಿಂದ ಒಂದು ದಾರಿ ಕಸಾರಾ ಘಟ್ಟದ ಕಡೆ, ಇನ್ನೊಂದು ಖಂಡಾಲೆಯ ಬೋರ್ ಘಟ್ಟದ ಕಡೆ. ಬೋರ್ ಘಟ್ಟದ ಗುತ್ತಿಗೆ ಹಿಡಿದ ಸಾಲಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದು ಕೆಲವೇ ವಾರಗಳಲ್ಲಿ ಕಾಯಿಲೆಯಿಂದ ತೀರಿಕೊಂಡ. ಗುತ್ತಿಗೆಯನ್ನು ಅವನ ಹೆಂಡತಿ ಆಲಿಸ್ ಮುಂದುವರಿಸಿ ಕೆಲಸ ಪೂರೈಸಿದಳು. ಕೆಲಸ ಜೋರಾಗಿದ್ದಾಗ ಘಟ್ಟದಲ್ಲಿ 40,000ಕ್ಕೂ ಹೆಚ್ಚು ಕೂಲಿಗಳಿದ್ದರು. ಕಾಲರಾ, ಜ್ವರ, ಬಂಡೆ ಸಿಡಿತಕ್ಕೆ ಸಿಕ್ಕಿ ಸತ್ತವರು ಸಾವಿರಾರು. ಆಲಿಸ್ ಹೆಸರು ಉಳಿದಿದೆ, ಕೂಲಿಗಳ ಹೆಸರಿನ ಕಲ್ಲು ಎಲ್ಲಿಯೂ ಕಾಣುವುದಿಲ್ಲ. 1863ರಲ್ಲಿ ಆ ಘಟ್ಟ ತೆರೆಯಿತು. ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿ ಅದೇ ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಇಂದು ಕಲ್ಯಾಣ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವ ಕುಟುಂಬ ಹೋಗುವುದು ಆ ದಾರಿಯಲ್ಲೇ.

‘ಲೈಫ್ ಇನ್ ದಿ ಯುಕೆ’ ಪರೀಕ್ಷೆಯ ಪುಸ್ತಕ ಚೆನ್ನಾಗಿ ಕಲಿಸುವ ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಇಂಗ್ಲೆಂಡ್ ಬೇರೆ, ಬ್ರಿಟನ್ ಬೇರೆ, ಯುನೈಟೆಡ್ ಕಿಂಗ್‌ಡಮ್ ಬೇರೆ ಎಂಬುದು. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್; ಉತ್ತರ ಐರ್ಲೆಂಡೂ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಸ್ಕಾಟ್‌ಲೆಂಡ್ ಸಂಸತ್ತು ಇಂಗ್ಲೆಂಡಿನದರ ಜೊತೆ ಕೂಡಿದ್ದು 1707ರಲ್ಲಿ, ಐರ್ಲೆಂಡ್ ಸೇರಿದ್ದು 1801ರಲ್ಲಿ, ಅದರ ಬಹುಭಾಗ ಬೇರೆಯಾದದ್ದು 1922ರಲ್ಲಿ. ಕನ್ನಡದಲ್ಲಿ ‘ಇಂಗ್ಲಿಷರು’ ಎಂದು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವುದು ರೂಢಿ. ಮುಂಬಯಿಯಲ್ಲಿ ಬೀದರಿನವರನ್ನೂ ಮಂಗಳೂರಿನವರನ್ನೂ ಒಂದೇ ಸಮ ‘ಮದ್ರಾಸಿ’ ಎಂದು ಕರೆಯುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ, ಗ್ಲಾಸ್ಗೋದವನನ್ನು ಇಂಗ್ಲೆಂಡಿನವನು ಎಂದರೆ ಅವನಿಗೇಕೆ ನೋಯುತ್ತದೆ ಎಂದು ವಿವರಿಸಬೇಕಿಲ್ಲ.

ಕರ್ನಾಟಕದ ಚರಿತ್ರೆಯಲ್ಲಿ ಬರುವ ‘ಇಂಗ್ಲಿಷರು’ ಎಷ್ಟೋ ಜನ ಸ್ಕಾಟರು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಗ್ಲಾಸ್ಗೋದವನು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆ ಅಳೆದು ಶಾಸನ, ಕೈಫಿಯತ್ತು ಕೂಡಿಸಿದ ಕಾಲಿನ್ ಮೆಕೆಂಜಿ ದೂರದ ಲೂಯಿಸ್ ದ್ವೀಪದವನು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ತರುಣ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಅವನೂ ಸ್ಕಾಟ್ ಮನೆತನದವನೇ. ಬಿಡುಗಡೆಯಾದ ಆ ಎಲಿಯಟ್ ಮುಂದೆ ಕನ್ನಡ ಶಾಸನಗಳನ್ನು ನೂರಾರು ಲೆಕ್ಕದಲ್ಲಿ ನಕಲು ಮಾಡಿಸಿದ, ಮರಾಠಿಯೇ ಮೆರೆಯುತ್ತಿದ್ದ ಧಾರವಾಡದಲ್ಲಿ ಕನ್ನಡ ಶಾಲೆಗೆ ಕೈಜೋಡಿಸಿದ. ಒಬ್ಬನೇ ಮನುಷ್ಯನಲ್ಲಿ ಗೆದ್ದವರ ದರ್ಪವೂ ಸೋತವರ ಭಾಷೆಯ ಮೇಲಿನ ಪ್ರೀತಿಯೂ ಇರಬಲ್ಲವು. ಇದನ್ನು 24 ಪ್ರಶ್ನೆಗಳ ಯಾವ ಪರೀಕ್ಷೆಯೂ ಅಳೆಯಲಾರದು.

ಡೊಂಬಿವಲಿಯ ಕನ್ನಡಿಗರು ಯುನೈಟೆಡ್ ಕಿಂಗ್‌ಡಮ್‌ನ ನಾಲ್ಕು ನಾಡುಗಳಲ್ಲಿ ಯಾವುದರ ಕಡೆ ಹೆಚ್ಚು ನೋಡಬೇಕು ಎಂದರೆ, ನಿಸ್ಸಂಶಯವಾಗಿ ವೇಲ್ಸ್ ಕಡೆ. ಅಲ್ಲಿಯ ಭಾಷೆ ವೆಲ್ಷ್. 1847ರಲ್ಲಿ ಲಂಡನ್ ಸರಕಾರ ಕಳಿಸಿದ ತನಿಖೆದಾರರು ವೇಲ್ಸಿನ ಶಿಕ್ಷಣದ ಮೇಲೆ ಬರೆದ ವರದಿಯಲ್ಲಿ ಆ ಭಾಷೆಯೇ ಜನರ ಹಿಂದುಳಿವಿಗೆ ಕಾರಣವೆಂದು ಹಳಿದರು. ವೇಲ್ಸಿನವರು ಆ ವರದಿಯನ್ನು ಇಂದಿಗೂ ‘ನೀಲಿ ಪುಸ್ತಕಗಳ ದ್ರೋಹ’ ಎಂದೇ ನೆನೆಯುತ್ತಾರೆ. ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ಬಿಲ್ಲೆ ತೂಗುಹಾಕುತ್ತಿದ್ದರು. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣವೇ ಬೇಕೆಂದ ಮೆಕಾಲೆಯ ಟಿಪ್ಪಣಿ ಇದಕ್ಕೆ 12 ವರ್ಷ ಹಿಂದಿನದು. ಕಲ್ಕತ್ತದಲ್ಲಿ ಆಡಿದ ಮಾತನ್ನೇ ಲಂಡನ್ನು ತನ್ನ ಪಕ್ಕದ ಮನೆಯವರಿಗೂ ಆಡಿತು.

ಆ ಭಾಷೆ ಸಾಯಲಿಲ್ಲ. 1939ರಲ್ಲಿ ಅಬರಿಸ್ಟ್‌ವಿತ್ ಎಂಬ ಊರಿನಲ್ಲಿ ಏಳು ಮಕ್ಕಳನ್ನು ಕೂಡಿಸಿಕೊಂಡು ಮೊದಲ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ಶುರುವಾಯಿತು. 1962ರಲ್ಲಿ ಸಾಂಡರ್ಸ್ ಲೂಯಿಸ್ ರೇಡಿಯೊದಲ್ಲಿ ಭಾಷೆಯ ಗತಿಯ ಬಗ್ಗೆ ಮಾಡಿದ ಭಾಷಣ ಒಂದು ಚಳವಳಿಯನ್ನೇ ಎಬ್ಬಿಸಿತು. 1980ರಲ್ಲಿ, ಕೊಟ್ಟ ಮಾತಿನಂತೆ ವೆಲ್ಷ್ ಟಿವಿ ವಾಹಿನಿ ಕೊಡದಿದ್ದರೆ ಆಮರಣ ಉಪವಾಸ ಕೂರುತ್ತೇನೆ ಎಂದು ಗ್ವಿನ್‌ಫೋರ್ ಎವನ್ಸ್ ಎಂಬ ನಾಯಕ ಹೇಳಿದ. ಥ್ಯಾಚರ್ ಸರಕಾರ ಮಣಿಯಿತು. ವಾಹಿನಿ ಶುರುವಾದದ್ದು 1982ರ ನವೆಂಬರ್ 1ರಂದು. ಅದೇ 1982 ಕರ್ನಾಟಕದಲ್ಲಿ ಗೋಕಾಕ್ ಚಳವಳಿಯ ವರ್ಷ, ಆ ದಿನ ಕನ್ನಡ ರಾಜ್ಯೋತ್ಸವದ ದಿನ. ಇದು ಕಾಕತಾಳೀಯವೇ. ಆದರೂ ಮುಂದಿನ ರಾಜ್ಯೋತ್ಸವದ ವೇದಿಕೆಯಿಂದ ಹೇಳಲು ಯೋಗ್ಯವಾದ ಕಾಕತಾಳೀಯ. 2021ರ ಜನಗಣತಿಯ ಪ್ರಕಾರ ವೆಲ್ಷ್ ಬಲ್ಲವರು ಸುಮಾರು 5,38,000, ವೇಲ್ಸಿನ ಜನರಲ್ಲಿ ನೂರಕ್ಕೆ 17.8. ಇಷ್ಟು ಸಣ್ಣ ಭಾಷೆಗೆ ಶಾಲೆ ಇದೆ, ವಾಹಿನಿ ಇದೆ, ರಸ್ತೆಯ ಫಲಕ ಇದೆ, ಶಾಸನಸಭೆಯಲ್ಲಿ ಜಾಗವಿದೆ. ಮುಂಬಯಿ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳು ಮಕ್ಕಳಿಲ್ಲದೆ ಒಂದೊಂದೇ ಕದ ಮುಚ್ಚುತ್ತಿರುವಾಗ, ಆ ಏಳು ಮಕ್ಕಳ ಶಾಲೆಯ ಕಥೆ ಡೊಂಬಿವಲಿಯ ಪೋಷಕರ ಸಭೆಯಲ್ಲಿ ಒಮ್ಮೆಯಾದರೂ ಬರಲಿ.

ಥಾಣೆಗೂ ಒಬ್ಬ ಸ್ಕಾಟ್ ಬಂದು ಹೋದ, ಪ್ಯಾಟ್ರಿಕ್ ಗೆಡ್ಡೆಸ್. ಊರು ಕಟ್ಟುವ ವಿದ್ಯೆಯನ್ನು ಊರಿನ ಜನರಿಂದ ಕಲಿಯಬೇಕು ಎಂದ ಈ ವಿದ್ವಾಂಸ 1915ರಲ್ಲಿ ಮುಂಬಯಿ ಪ್ರೆಸಿಡೆನ್ಸಿಯ ಪಟ್ಟಣಗಳ ಬಗ್ಗೆ ವರದಿ ಬರೆದಾಗ ಥಾಣೆಯನ್ನೂ ನೋಡಿದ. ಮಲೇರಿಯ ನೆಪದಲ್ಲಿ ಕೆರೆ ಮುಚ್ಚುವ ಎಂಜಿನಿಯರರ ವಿರುದ್ಧ ಅವನು ಊರೂರಲ್ಲಿ ವಾದಿಸಿದ. ಮೀನು ಬಿಡಿ, ನೀರು ಚೊಕ್ಕಟವಾಗಿಡಿ, ಕೆರೆ ಉಳಿಸಿ ಎಂದ. ಇಂದು ‘ಕೆರೆಗಳ ನಗರ’ ಎಂದು ಹೆಮ್ಮೆಪಡುವ ಥಾಣೆಯಲ್ಲಿ ಉಪವನ, ಕಚರಾಳಿ ಸುತ್ತ ಬೆಳಿಗ್ಗೆ ನಡೆಯುವವರಿಗೆ ಈ ಹೆಸರು ಪರಿಚಯವಾಗಬೇಕು. ಮುಂದೆ ಅವನು ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕನೂ ಆದ.

ಖಾಡಿಯಾಚೆಯ ನವಿಮುಂಬಯಿಗೂ ಬ್ರಿಟನ್ ದೂರದ್ದಲ್ಲ. ಯುದ್ಧದ ಬಾಂಬಿಗೆ ನಲುಗಿದ ಲಂಡನ್ನಿನ ಜನರಿಗೆ ಬೇರೆ ಊರುಗಳನ್ನೇ ಕಟ್ಟಿಕೊಡಲು ಬ್ರಿಟನ್ 1946ರಲ್ಲಿ ನ್ಯೂ ಟೌನ್ಸ್ ಆಕ್ಟ್ ತಂದಿತು. ಸ್ಟೀವನೇಜ್ ಮೊದಲನೆಯದು, 1967ರಲ್ಲಿ ಮಿಲ್ಟನ್ ಕೀನ್ಸ್ ಬಂತು. ಸರಕಾರ ಭೂಮಿ ವಶಕ್ಕೆ ತೆಗೆದುಕೊಂಡು ಒಂದು ಅಭಿವೃದ್ಧಿ ನಿಗಮದ ಕೈಗೆ ಕೊಡುವುದು, ನಿಗಮ ಊರು ಕಟ್ಟುವುದು ಅಲ್ಲಿಯ ಕ್ರಮ. 1970ರಲ್ಲಿ ಹುಟ್ಟಿದ ಸಿಡ್ಕೊ ನಿಗಮ ನವಿಮುಂಬಯಿಯನ್ನು ಕಟ್ಟಿದ್ದೂ ಅದೇ ಜಾಡಿನಲ್ಲಿ. ಭೂಮಿ ಕೊಟ್ಟ ಆಗ್ರಿ, ಕೋಳಿ ಜನರ ಪಾಲಿಗೆ ಸಿಕ್ಕ ಬೆಲೆ ಸಾಲದೆ, ದಿ.ಬಾ. ಪಾಟೀಲರ ಮುಂದಾಳತ್ವದಲ್ಲಿ ಹೋರಾಟ ನಡೆದು, 1984ರ ಜನವರಿಯಲ್ಲಿ ಜಾಸಯಿಯಲ್ಲಿ ಗುಂಡೇಟಿಗೆ ರೈತರು ಸತ್ತ ಮೇಲೆ ಶೇ. 12.5 ಅಭಿವೃದ್ಧಿಪಡಿಸಿದ ಭೂಮಿಯನ್ನು ಮೂಲ ಮಾಲೀಕರಿಗೆ ಮರಳಿಸುವ ಯೋಜನೆ ಬಂತು. ವಾಶಿ, ನೆರೂಲ್‌ನಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಇದು ನೆರೆಮನೆಯವರ ಚರಿತ್ರೆ.

ಥಾಣೆಯ ಆ ಜೈಲಿಗೆ ಮತ್ತೊಮ್ಮೆ ಬರಬೇಕು. 1909ರ ಡಿಸೆಂಬರ್ 21ರಂದು ನಾಸಿಕದ ನಾಟಕಶಾಲೆಯಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಅನಂತ ಕಾನ್ಹೇರೆ ಎಂಬ ಹದಿಹರೆಯದ ಹುಡುಗ ಗುಂಡಿಟ್ಟು ಕೊಂದ. ಪಿಸ್ತೂಲು ಲಂಡನ್ನಿನಿಂದ ಬಂದದ್ದು, ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ಹೈಗೇಟ್‌ನಲ್ಲಿ ತೆರೆದ ಇಂಡಿಯಾ ಹೌಸಿನ ಬಳಗದ ಕಡೆಯಿಂದ. 1910ರ ಏಪ್ರಿಲ್ 19ರಂದು ಕಾನ್ಹೇರೆ, ಅವನ ಸಂಗಡಿಗರಾದ ಕರ್ವೆ, ದೇಶಪಾಂಡೆ ಮೂವರನ್ನೂ ಥಾಣೆಯ ಜೈಲಿನಲ್ಲಿ ಗಲ್ಲಿಗೇರಿಸಿದರು. ಸತ್ತ ಜಾಕ್ಸನ್ ಸಂಸ್ಕೃತ ಬಲ್ಲವನು, ಜನಪದ ನಂಬಿಕೆಗಳನ್ನು ಸಂಗ್ರಹಿಸುತ್ತಿದ್ದವನು. ಲಂಡನ್ನಿನ ಭೂಪಟದಲ್ಲಿ ಬಿಗ್ ಬೆನ್ ತೋರಿಸುವ ಮಗುವಿಗೆ ಹೈಗೇಟ್ ಕೂಡ ತೋರಿಸಬಹುದು.

ಹೀಗೆ ಕಲಿಸಲು ಹೊಸ ಕಟ್ಟಡ, ದೊಡ್ಡ ಅನುದಾನ ಬೇಕಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ತನ್ನದೇ ಮಂಜುನಾಥ ವಿದ್ಯಾಲಯ ನಡೆಸುತ್ತಿದೆ, ಕಲ್ಯಾಣ್, ಥಾಣೆ, ವಾಶಿಗಳಲ್ಲಿ ಕನ್ನಡ ಸಂಘಗಳಿವೆ, ಅವುಗಳಲ್ಲಿ ನಿವೃತ್ತ ರೈಲ್ವೆ ನೌಕರರೂ ಶಿಕ್ಷಕರೂ ಇದ್ದಾರೆ. ಪ್ರತಿವರ್ಷ ಏಪ್ರಿಲ್ 16ರಂದು ಮಕ್ಕಳನ್ನು ಥಾಣೆಯಿಂದ ಕಲ್ಯಾಣ್‌ವರೆಗೆ ಲೋಕಲ್‌ನಲ್ಲಿ ಕರೆದೊಯ್ದು, ಖಾಡಿಯ ಸೇತುವೆಯ ಮೇಲೆ ಹತ್ತಿಯ ಕಥೆ ಹೇಳುವುದಕ್ಕೆ ಒಂದು ದಿನ ಸಾಕು. ವಿದೇಶದಲ್ಲಿರುವ ಮಕ್ಕಳು ಅದನ್ನು ವಿಡಿಯೊದಲ್ಲಿ ಸೇರಬಹುದು, ಲಿವರ್‌ಪೂಲಿನಲ್ಲಿ ಇರುವವರು ಅಲ್ಲಿಯ ಹಡಗುಕಟ್ಟೆಯನ್ನು ತೋರಿಸಬಹುದು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಿಂದ ನಿಂತಿರುವ ಬಸವಣ್ಣನ ಪ್ರತಿಮೆಗೆ ಹೂ ಇಡಲು ಹೋಗುವ ಕನ್ನಡಿಗರಿಗೆ ಇದು ಹೆಚ್ಚಿನ ಕೆಲಸವೇನಲ್ಲ.

ಪರೀಕ್ಷೆಯ ಪುಸ್ತಕದ ಮೇಲೆ ಬ್ರಿಟನ್ನಿನಲ್ಲೇ ಅಸಮಾಧಾನ ಇದೆ ಎಂಬುದನ್ನೂ ಹೇಳಬೇಕು. 2020ರಲ್ಲಿ ನೂರಕ್ಕೂ ಹೆಚ್ಚು ಇತಿಹಾಸಕಾರರು, ಗುಲಾಮಗಿರಿ ಮತ್ತು ಸಾಮ್ರಾಜ್ಯದ ಬಗ್ಗೆ ಆ ಪುಸ್ತಕ ಹೇಳುವುದು ದಾರಿ ತಪ್ಪಿಸುವಂತಿದೆ, ಅಧ್ಯಾಯವನ್ನು ತಿದ್ದಿ ಎಂದು ಬಹಿರಂಗ ಪತ್ರ ಬರೆದರು. 2022ರಲ್ಲಿ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದು ಪರೀಕ್ಷೆಯನ್ನೇ ಹೊಸದಾಗಿ ರೂಪಿಸಬೇಕೆಂದಿತು. ಇತಿಹಾಸಕಾರರ ಮುಖ್ಯ ಆಕ್ಷೇಪಗಳಲ್ಲಿ ಒಂದು, ಸಾಮ್ರಾಜ್ಯವು ಕಾಮನ್‌ವೆಲ್ತ್ ಆಗಿ ಬದಲಾದದ್ದು ಬಹುಮಟ್ಟಿಗೆ ಶಿಸ್ತಿನಿಂದ ನಡೆಯಿತು ಎಂಬ ಅರ್ಥದ ಸಾಲಿನ ಮೇಲೆ.

ಲೆಸ್ಟರಿನಲ್ಲೋ ಎಡಿನ್‌ಬರೋದಲ್ಲೋ ಕೂತು ಆ ಸಾಲನ್ನು ಓದುವ ಕಲ್ಯಾಣ್‌ನ ಹುಡುಗಿಗೆ ತನ್ನ ಊರಿನ ಮುಂದಿನ ಸ್ಟೇಷನ್ನುಗಳು ನೆನಪಾಗಬೇಕು. ವಿಠ್ಠಲವಾಡಿ, ಅದರ ಮುಂದೆ ಉಲ್ಲಾಸನಗರ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕಟ್ಟಿದ ಕಲ್ಯಾಣ್ ಕ್ಯಾಂಪಿನ ಬರಾಕುಗಳಿಗೆ, ದೇಶವಿಭಜನೆಯಾದ ಮೇಲೆ ಸಿಂಧ್ ಬಿಟ್ಟು ಹಡಗಿನಲ್ಲಿ ಮುಂಬಯಿಗೆ ಬಂದಿಳಿದ ಲಕ್ಷದ ಹತ್ತಿರದ ಜನರನ್ನು ತುಂಬಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿ ಅಲ್ಲಿ ಊರಿನ ಅಡಿಗಲ್ಲು ಇಟ್ಟರು. ಸಿಂಧ್ ಕೂಡ 1936ರವರೆಗೆ ಧಾರವಾಡ, ಕಾರವಾರಗಳ ಹಾಗೆ ಇದೇ ಮುಂಬಯಿ ಪ್ರೆಸಿಡೆನ್ಸಿಯ ಭಾಗವಾಗಿತ್ತು. ಆ ಬರಾಕುಗಳ ಸಾಲಿನಲ್ಲಿ ಇಂದಿಗೂ ಊರಿನ ಭಾಗಗಳನ್ನು ಜನ ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಎಂದೇ ಕರೆಯುತ್ತಾರೆ.